ಡಿಪೋ ಹಿಂದಿನ ಶಾಲೆಯ ರಿಪೇರಿ

ಬಸ್ ಡಿಪೋ ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಮಕ್ಕಳು ಇಟ್ಟಿದ್ದ ಹೆಸರು ದೊಡ್ಡ ಟೀಚರ್. ಆಳು ಮಾತ್ರ ಕುಳ್ಳಿ. ಅಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಇನ್ನೊಬ್ಬಳೇ ಟೀಚರ್, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದವಳು. ಅವಳು ಚಿಕ್ಕ ಟೀಚರ್. ಹೊಸದಾಗಿ ಬಂದವರು ಯಾರನ್ನು ನೋಡಿ ಮಾತಾಡಬೇಕೆಂದು ತಿಳಿಯದೆ ಇಬ್ಬರ ನಡುವಿನ ಗೋಡೆಗೆ ನಮಸ್ಕಾರ ಮಾಡುತ್ತಿದ್ದರು.

ಶಾಲೆ ಎಂದರೆ ಸಾಲಾಗಿ ನಾಲ್ಕು ಕೋಣೆ, ಮುಂದೊಂದು ಉದ್ದನೆಯ ವರಾಂಡ. ಡಿಪೋದಲ್ಲಿ ಬಸ್ಸು ರಿವರ್ಸ್ ತೆಗೆಯುವಾಗ ಪಾಠ ನಿಲ್ಲಿಸಿ ಕಾಯಬೇಕು. ಕಿಟಕಿಗಳಲ್ಲಿ ಕೆಲವು ಮುಚ್ಚಿದರೆ ತೆರೆಯುತ್ತಿರಲಿಲ್ಲ, ಕೆಲವು ತೆರೆದರೆ ಮುಚ್ಚುತ್ತಿರಲಿಲ್ಲ. ಮಳೆ ಬಂದರೆ ಮೂರನೇ ಕ್ಲಾಸಿನವರು ಬೆಂಚು ಎತ್ತಿಕೊಂಡು ಎರಡನೇ ಕ್ಲಾಸಿಗೆ ನುಗ್ಗುತ್ತಿದ್ದರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ದೊಡ್ಡ ಹುಡುಗಿಯರು ಆ ಫಜೀತಿಯೇ ಬೇಡವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಅದು ದೊಡ್ಡ ಟೀಚರಿಗೆ ಗೊತ್ತಿತ್ತು. ಮಧ್ಯಾಹ್ನ ಬಿಸಿಲಿಗೆ ಒಬ್ಬೊಬ್ಬಳ ತುಟಿ ಒಣಗಿರುವುದನ್ನು ನೋಡಿದಾಗ ಅವಳು ತನ್ನ ಫ್ಲಾಸ್ಕನ್ನು ತೆರೆಯದೆಯೇ ಮತ್ತೆ ಚೀಲಕ್ಕೆ ಹಾಕುತ್ತಿದ್ದಳು.

ಪ್ರತಿ ವರ್ಷ ಪರೀಕ್ಷೆ ಮುಗಿಯುತ್ತಿದ್ದಂತೆ ಅವಳು ಜಿಲ್ಲಾ ಶಿಕ್ಷಣ ಕಚೇರಿಗೆ ಅರ್ಜಿ ಕೊಡುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಯಾವುದೋ ಬೇರೆ ಶಾಲೆಗೆ ಹೊಸ ಸೂರು ಬರುತ್ತಿತ್ತು. ಆ ಕಚೇರಿಯ ಕಟ್ಟಡ ವಿಭಾಗದಲ್ಲಿ ಅವಳ ತಮ್ಮನೇ ಎಂಜಿನಿಯರ್ ಆಗಿದ್ದ. "ತಮ್ಮ ಅಲ್ಲೇ ಇದ್ದೂ ನಿಮಗೆ ಒಂದು ಚಿಲಕ ಹಾಕಿಸಿಕೊಳ್ಳೋಕೆ ಆಗಲ್ವಾ?" ಎಂದು ಬೇರೆ ಶಾಲೆಯವರು ಚುಚ್ಚುತ್ತಿದ್ದರು. ಅವಳು ನಗುತ್ತಿದ್ದಳು. ಅಕ್ಕನ ಶಾಲೆಗೇ ಮೊದಲು ಮಾಡಿಕೊಟ್ಟ ಎಂಬ ಕೆಟ್ಟ ಹೆಸರು ಅವನಿಗೆ ಬರಬಾರದು ಎಂಬುದು ಅವಳ ಲೆಕ್ಕ.

ತಂದೆ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ. ಓದು ಬಿಟ್ಟು ಟೀಚರ್ ಕೆಲಸ ಹಿಡಿದು ಅವನನ್ನು ಓದಿಸಿದವಳು ಇವಳು. ಅವನಿಗೊಂದು ನೆಲೆಯಾಗುವ ಹೊತ್ತಿಗೆ ಮನೆಯಲ್ಲಿ ಇವಳ ಮದುವೆಯ ಮಾತು ತಾನಾಗಿ ನಿಂತುಹೋಗಿತ್ತು. ಅದರ ಬಗ್ಗೆ ಅವಳು ಕೊರಗಿದ್ದನ್ನು ಯಾರೂ ಕಂಡಿಲ್ಲ. ಡ್ರಾಯಿಂಗ್ ಶೀಟು ಹರಡಿಕೊಂಡು ಅವನು ನೆಲದ ಮೇಲೆ ಮಲಗಿ ಗೆರೆ ಎಳೆಯುತ್ತಿದ್ದಾಗ ಪಕ್ಕದಲ್ಲಿ ಸ್ಕೇಲ್ ಹಿಡಿದು ಕೂರುತ್ತಿದ್ದ ದಿನಗಳನ್ನು ಮಾತ್ರ ಚಿಕ್ಕ ಟೀಚರ್ ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದಳು. ಚಿಕ್ಕ ಟೀಚರಿಗೆ ಆ ಕಥೆ ಬಾಯಿಪಾಠವಾಗಿತ್ತು.

ಆ ವರ್ಷದ ಕೊನೆಯ ಸಭೆ ಜಿಲ್ಲಾ ಕಚೇರಿಯ ಮಹಡಿಯ ಹಾಲಿನಲ್ಲಿ ನಡೆಯಿತು. ಎಲ್ಲ ಶಾಲೆಗಳ ಮುಖ್ಯಸ್ಥರೂ ಬಂದಿದ್ದರು. ಫಲಿತಾಂಶ ಯಾವಾಗ ಒಪ್ಪಿಸಬೇಕು, ಮಕ್ಕಳಿಂದ ಪುಸ್ತಕ ವಾಪಸ್ ಪಡೆಯುವುದು ಹೇಗೆ, ಮುರಿದ ಬೆಂಚನ್ನು ಯಾವ ಕೋಣೆಗೆ ಹಾಕಬೇಕು, ನೀರಿನ ಮುಖ್ಯ ವಾಲ್ವ್ ಮುಚ್ಚದೆ ಹೋದರೆ ಯಾರ ತಲೆದಂಡ, ಹೀಗೆ ಪ್ರತಿ ವರ್ಷದ ಮಾತೇ ಮತ್ತೆ ನಡೆಯಿತು. ಅರ್ಧ ಜನ ತೂಕಡಿಸುತ್ತಿದ್ದರು. ಆಮೇಲೆ ತಮ್ಮ ಎದ್ದು ನಿಂತು ಪರದೆಯ ಮೇಲೆ ಬೇಸಿಗೆಯ ಸುಧಾರಣಾ ಯೋಜನೆ ತೋರಿಸಿದ. ಮೊದಲ ಚಿತ್ರದಲ್ಲೇ ಡಿಪೋ ಗೋಡೆ ಕಂಡಿತು. ಅದರ ಹಿಂದೆ ಅವಳ ವರಾಂಡ.

"ಡಿಪೋ ಹಿಂದಿನ ಕಟ್ಟಡ. ಸೂರು, ಕಿಟಕಿ, ಶೌಚಾಲಯ, ನೆಲ, ವೈರಿಂಗ್, ಎಲ್ಲಾ ಹೊಸದಾಗಿ. ರಜೆ ಮುಗಿಯೋದರ ಒಳಗೆ ಕೆಲಸ ಪೂರ್ತಿ ಆಗುತ್ತೆ," ಎಂದ.

ಪಕ್ಕದಲ್ಲಿದ್ದವರು ಅವಳ ಬೆನ್ನು ತಟ್ಟಿದರು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನ ತೋಳು ಹಿಡಿದು, "ಒಂದು ಮಾತು ಮುಂಚೆ ಹೇಳಬಾರದಾಗಿತ್ತೇನೋ ಕಳ್ಳ?" ಎಂದಳು.

"ಹೇಳಿದ್ರೆ ನೀನು ಊರಿಗೆಲ್ಲಾ ಹಂಚ್ತಿದ್ದೆ," ಎಂದು ಅವನು ನಕ್ಕ. ಅವನ ಕಣ್ಣು ಅವಳ ಹಿಂದೆ ಇಳಿದು ಬರುತ್ತಿದ್ದ ಕಚೇರಿಯ ದೊಡ್ಡ ಸಾಹೇಬರ ಮೇಲಿತ್ತು.

ಶಾಲೆಯ ಕೊನೆಯ ದಿನ ಅವಳು ಮಕ್ಕಳನ್ನು ವರಾಂಡದಲ್ಲಿ ಕೂರಿಸಿ, "ರಜೆ ಮುಗಿಸಿ ಬನ್ನಿ. ನಿಮ್ಮ ಶಾಲೇನ ನೀವೇ ಗುರುತು ಹಿಡಿಯಲ್ಲ," ಎಂದು ಹೇಳಿ ಕಳಿಸಿದಳು.

ಚಿಕ್ಕ ಟೀಚರ್ ತವರಿಗೆ ಹೋದಳು. ದೊಡ್ಡ ಟೀಚರ್ ಎಲ್ಲಿಗೂ ಹೋಗಲಿಲ್ಲ. "ಕಂಟ್ರಾಕ್ಟರು ಸರಿ ಇಲ್ಲ ಅಕ್ಕ, ನನಗೆ ಬೇರೆ ಕಡೆ ಹತ್ತಾರು ಕೆಲಸ ಇವೆ. ನೀನೊಂದು ಕಣ್ಣಿಟ್ಟಿದ್ರೆ ನನಗೆ ಧೈರ್ಯ," ಎಂದು ತಮ್ಮ ಹೇಳಿದ್ದ. ಅವಳು ಒಂದು ಕಣ್ಣಲ್ಲ, ಎರಡೂ ಇಟ್ಟಳು. ಬೆಳಗ್ಗೆ ಅಮ್ಮನಿಗೆ ತಿಂಡಿ ಮಾಡಿಟ್ಟು, ಛತ್ರಿ ಹಿಡಿದು, ಮೇಸ್ತ್ರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಮರಳು ಜಾಸ್ತಿ ಸಿಮೆಂಟು ಕಮ್ಮಿ ಹಾಕಿದ ದಿನ ಹಸಿ ಗೋಡೆಯನ್ನು ಬೆರಳಲ್ಲಿ ಕೆರೆದು ಉದುರಿಸಿ ತೋರಿಸಿ ಮತ್ತೆ ಗಿಲಾವು ಮಾಡಿಸಿದಳು. ಕೆಲಸದವರು ಅವಳಿಗೆ ಬೆನ್ನ ಹಿಂದೆ ಜೈಲರ್ ಎಂದು ಹೆಸರಿಟ್ಟರು. ಅದು ಅವಳ ಕಿವಿಗೂ ಬಿತ್ತು, ಖುಷಿಯೂ ಆಯಿತು. ಗೋಡೆಯ ಕೆಳಗಿನ ಅರ್ಧಕ್ಕೆ ಗಾಢ ಬಣ್ಣ ಹೊಡೆಯಿರಿ, ಮಕ್ಕಳ ಕೈ ಕೊಳೆ ಕಾಣಬಾರದು ಎಂದು ಹೇಳಿ ಡಬ್ಬಿಗಳನ್ನು ತಾನೇ ಹೋಗಿ ಬದಲಾಯಿಸಿ ತಂದಳು.

ಒಂದು ಸಲ ಮಾತ್ರ ಮೇಸ್ತ್ರಿ ಜತೆ ಜಗಳವಾಯಿತು. ಕೈ ತೊಳೆಯುವ ಬೇಸಿನ್‌ಗಳನ್ನು ಅವನು ಅವಳ ಎದೆಮಟ್ಟಕ್ಕೆ ಕೂರಿಸುತ್ತಿದ್ದ.

"ಏನ್ರೀ ಇದು? ನನಗೇ ಎಟುಕೋದು ಕಷ್ಟ. ಒಂದನೇ ಕ್ಲಾಸಿನ ಮಗು ಏಣಿ ಹಾಕ್ಕೊಂಡು ಕೈ ತೊಳೀಬೇಕಾ?"

"ನಕ್ಷೇಲಿ ಹೀಗೇ ಇದೆಯಲ್ಲಮ್ಮ. ನಾನೇನು ನನ್ನ ಮನೆಗೆ ಕಟ್ಕೊಳ್ತಿದೀನಾ?"

ಅವಳು ತಮ್ಮನಿಗೆ ಫೋನ್ ಹಚ್ಚಿದಳು. ಅವನು ಎಷ್ಟು ಎತ್ತರಕ್ಕೆ ಬೇಕೆಂದು ಕೇಳಿದ. ಆಮೇಲೆ, "ನೀನು ಹೇಳಿದ ಹಾಗೇ ಮಾಡಿಸು ಅಕ್ಕ," ಎಂದ.

"ನಿನ್ನ ಹುಡುಗರು ನಕ್ಷೆ ಬರೆಯೋವಾಗ ಮಕ್ಕಳನ್ನ ಯಾವತ್ತೂ ನೋಡೇ ಇಲ್ವೇನೋ?" ಎಂದು ಅವಳು ಬೈದಳು. ಅವನು ನಕ್ಕು ಫೋನಿಟ್ಟ. ಬೇಸಿನ್‌ಗಳು ಕೆಳಗಿಳಿದವು.

ಅವಳು ನಿತ್ಯ ಹಾದು ಬರುತ್ತಿದ್ದ ದಾರಿಯಲ್ಲಿ ಲಾಂಡ್ರಿಯವಳ ಅಂಗಡಿಯಿತ್ತು. ಲಾಂಡ್ರಿಯವಳ ಮಗಳು ಇವಳ ಶಾಲೆಯಲ್ಲೇ ನಾಲ್ಕನೇ ಕ್ಲಾಸು, ಲೆಕ್ಕದಲ್ಲಿ ಚುರುಕು. "ಟೀಚರ್, ಕೆಲಸ ಎಲ್ಲಿಗೆ ಬಂತು?" ಎಂದು ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆ ಮೇಲೆತ್ತಿ ಕೇಳುತ್ತಿದ್ದಳು. "ಚಿಲಕ ಹಾಕಿದಾರೆ, ಒಳಗಿಂದ! ನನ್ನ ತಮ್ಮ ಮಾಡಿಸ್ತಿರೋದು," ಎಂದು ಇವಳು ಹೇಳುತ್ತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ತಮ್ಮ ಹೇಳಿದ್ದು ನಿಜ, ಊರಿಗೆಲ್ಲಾ ಹಂಚಿದಳು.

ಶಾಲೆ ತೆರೆಯುವುದಕ್ಕೆ ಒಂದು ವಾರವಿರುವಾಗ ಗೇಟಿನ ಮುಂದೆ ಲಾರಿ ಬಂದು ನಿಂತಿತು. ಬೆಂಚುಗಳೆಂದು ಅವಳು ಓಡಿ ಹೋಗಿ ಗೇಟು ತೆರೆದಳು. ಇಳಿದದ್ದು ಗಿರಗಿರನೆ ತಿರುಗುವ ಕಪ್ಪು ಕುರ್ಚಿಗಳು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಆಮೇಲೆ ಉದ್ದನೆಯ ಮೇಜುಗಳು.

"ನೀವು ತಪ್ಪಾಗಿ ಬಂದಿದೀರಪ್ಪಾ. ಇದು ಪ್ರೈಮರಿ ಸ್ಕೂಲು."

"ಇಲ್ಲ ಮೇಡಂ, ಇದೇ ಜಾಗ," ಎಂದ ಲಾರಿಯವನು. "ಡಿಪೋ ಹಿಂದೆ, ಹೊಸಾ ಟ್ರೇನಿಂಗ್ ಸೆಂಟರ್ ಅಂದ್ರು. ಬೋರ್ಡು ಕೂಡ ಇದೆ, ನೋಡಿ."

ಗೋಣಿಚೀಲ ಸುತ್ತಿದ ಬೋರ್ಡನ್ನು ಅವನು ಗೋಡೆಗೆ ಒರಗಿಸಿದ. ಜಿಲ್ಲಾ ಶಿಕ್ಷಕರ ತರಬೇತಿ ಕೇಂದ್ರ ಎಂದಿತ್ತು. ಅಕ್ಷರ ಚೆನ್ನಾಗಿದ್ದವು. ಅವಳು ಮೇಸ್ತ್ರಿಯ ಕಡೆ ನೋಡಿದಳು. ಅವನು ಬಕೆಟ್ಟಿನಲ್ಲಿ ಕರಣೆ ತೊಳೆಯುತ್ತಾ, "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಮ್ಮ," ಎಂದ.

ಅವಳು ಛತ್ರಿಯನ್ನು ಅಲ್ಲೇ ಮರೆತು ಜಿಲ್ಲಾ ಕಚೇರಿಗೆ ಹೋದಳು. ತಮ್ಮನ ಕೋಣೆಯಲ್ಲಿ ನಾಲ್ಕೈದು ಜನರಿದ್ದರು. ಅವಳನ್ನು ಕಂಡವನೇ ಅವನು, "ಬನ್ನಿ ಮೇಡಂ, ಒಂದು ನಿಮಿಷ," ಎಂದ. ಕಚೇರಿಯಲ್ಲಿ ಅವನು ಹಾಗೆ ಕರೆಯುವುದು ವಾಡಿಕೆ. ಆವತ್ತು ಅದು ಮುಖಕ್ಕೆ ನೀರು ಎರಚಿದ ಹಾಗಾಯಿತು. ಜನ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಂದು ಕೂತ.

"ಲಾರಿ ಬಂತಾ?" ಎಂದ.

"ಬಂತು."

"ನಾಳೆ ನಾನೇ ಮನೆಗೆ ಬಂದು ಹೇಳೋಣ ಅಂತಿದ್ದೆ ಅಕ್ಕ. ನೋಡು, ಮಕ್ಕಳು ಕಮ್ಮಿ ಇರೋ ಶಾಲೆಗಳನ್ನ ದೊಡ್ಡ ಶಾಲೆಗೆ ಸೇರಿಸೋದು ಅಂತ ಮೇಲಿನವರು ಹೋದ ವರ್ಷಾನೇ ತೀರ್ಮಾನ ಮಾಡಿದ್ದು. ನಿನ್ನ ಮಕ್ಕಳು ರಿಂಗ್ ರೋಡ್ ಆಚೆ ಶಾಲೆಗೆ ಹೋಗ್ತಾರೆ. ಲೈಬ್ರರಿ ಇದೆ, ಮೈದಾನ ಇದೆ. ನಿನಗೂ ಅಲ್ಲೇ ಪೋಸ್ಟಿಂಗು. ನಾನೇ ಹೇಳಿ ಮಾಡಿಸಿದೀನಿ, ಇಲ್ದಿದ್ರೆ ಎಲ್ಲಿಗೋ ಎತ್ತಿ ಹಾಕ್ತಿದ್ರು."

"ಆರು ವರ್ಷದ ಮಕ್ಕಳು ರಿಂಗ್ ರೋಡ್ ದಾಟಬೇಕಾ?"

"ವ್ಯಾನ್ ಕೊಡ್ತೀವಿ ಅಂದಿದಾರೆ."

"ಯಾರು ಅಂದಿದಾರೆ?"

ಅವನು ಮೇಜಿನ ಮೇಲಿನ ಫೈಲನ್ನು ಪಕ್ಕಕ್ಕೆ ಸರಿಸಿದ. "ಆ ಕಟ್ಟಡ ಕೆಡವಿಬಿಡೋಣ ಅಂತಿದ್ರು ಅಕ್ಕ. ತರಬೇತಿ ಕೇಂದ್ರ ಮಾಡೋಣ ಅಂತ ಹೇಳಿ ಉಳಿಸಿದವನು ನಾನು. ಶಾಲೆ ಅಂತ ಕೇಳಿದ್ರೆ ಒಂದು ಹೆಂಚೂ ಬರ್ತಿರಲಿಲ್ಲ."

ಆಗ ಅವಳಿಗೆ ಹೊಳೆಯಿತು. ಸಭೆಯಲ್ಲಿ ಅವನು ಶಾಲೆ ಎಂಬ ಮಾತನ್ನೇ ಆಡಿರಲಿಲ್ಲ. ಕಟ್ಟಡ ಎಂದಿದ್ದ. ಅವಳ ಕಿವಿಯೇ ಅದನ್ನು ಶಾಲೆ ಎಂದು ಕೇಳಿಸಿಕೊಂಡಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸುಮ್ಮನೆ ಇರ್ತಿದ್ಯಾ? ಪೋಷಕರನ್ನ ಕರ್ಕೊಂಡು ಬಂದು ಇಲ್ಲಿ ಗೇಟಲ್ಲಿ ಕೂರ್ತಿದ್ದೆ. ಕೆಲಸ ನಿಂತುಹೋಗ್ತಿತ್ತು. ನನ್ನ ಹೆಸರಲ್ಲಿ ಬಂದ ಮೊದಲನೇ ದೊಡ್ಡ ಕೆಲಸ ಅಕ್ಕ ಅದು."

"ಮತ್ತೆ ನನ್ನನ್ನ ಬಿಸಿಲಲ್ಲಿ ಯಾಕೆ ನಿಲ್ಲಿಸಿದೆ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನಿನ್ನಷ್ಟು ಚೆನ್ನಾಗಿ ಯಾರು ನೋಡ್ಕೊಳ್ತಿದ್ರು ಹೇಳು?" ಎಂದ. ಹೊಗಳಿಕೆಯ ಧ್ವನಿಯಲ್ಲೇ ಹೇಳಿದ. ಬೇಕಂತಲೇ ನೋಯಿಸುವವನಾಗಿದ್ದರೆ ಅವಳು ಬೈದಾದರೂ ಬರುತ್ತಿದ್ದಳು. ಅವನಿಗೆ ಅದು ತಪ್ಪು ಎಂದೇ ಅನಿಸಿರಲಿಲ್ಲ.

ಅವಳು ಏಳುವಾಗ ಅವನು ಇನ್ನೊಂದು ಮಾತು ಹೇಳಿದ. "ಪೋಷಕರಿಗೆ ನೀನೇ ಒಂದು ಮಾತು ಹೇಳು ಅಕ್ಕ. ಅವರಿಗೆ ನಿನ್ನ ಮೇಲೆ ನಂಬಿಕೆ. ನಾವು ಹೇಳಿದ್ರೆ ಗಲಾಟೆ ಆಗುತ್ತೆ."

ಅವಳು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅಮ್ಮನಿಗೆ ವಿಷಯವೆಲ್ಲ ಮಗನಿಂದ ಫೋನಿನಲ್ಲಿ ಆಗಲೇ ಗೊತ್ತಾಗಿತ್ತು. "ಅವನೇನು ಬೇಕಂತ ಮಾಡಿದ್ನೇನೇ? ಮೇಲಿನವರು ಹೇಳಿದ್ದು, ಮಾಡಿದಾನೆ. ಹೊಟ್ಟೆಗೆ ಹಾಕ್ಕೋ," ಎಂದಳು.

"ಎಷ್ಟು ಅಂತ ಹಾಕ್ಕೊಳ್ಳಲಮ್ಮ ಹೊಟ್ಟೆಗೆ?" ಎಂದಳು ಮಗಳು. ಅಮ್ಮ ಅಡುಗೆಮನೆಗೆ ಎದ್ದುಹೋದಳು.

ಗೇಟಿನ ಮುಂದೆ ಹೋಗಿ ಕೂತುಬಿಡೋಣವೇ ಎಂದು ಅವಳು ಯೋಚಿಸದೆ ಇರಲಿಲ್ಲ. ಆದರೆ ಕುರ್ಚಿಗಳು ಒಳಗೆ ಹೋಗಿಯಾಗಿತ್ತು, ಬೀಗ ಬದಲಾಗಿತ್ತು. ಈಗ ಗಲಾಟೆ ಎಬ್ಬಿಸಿದರೆ ಶಾಲೆ ವಾಪಸ್ ಬರುವುದಿಲ್ಲ. ಆ ಗಲಾಟೆಯ ನೆಪದಲ್ಲಿ ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಮನೆಗಳು ಎಷ್ಟಿವೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ತಿಂಗಳು ಮನೆಯಲ್ಲಿ ಉಳಿದ ಹುಡುಗಿ ಮತ್ತೆ ಚೀಲ ಹೆಗಲಿಗೆ ಹಾಕುವುದಿಲ್ಲ. ಮೂರನೇ ದಿನ ಅವಳು ಹಲ್ಲು ಕಚ್ಚಿಕೊಂಡು ಮನೆಮನೆಗೆ ಹೊರಟಳು.

ಎಲ್ಲರೂ ಮರ್ಯಾದೆಯಿಂದಲೇ ಕೂರಿಸಿದರು. ಮಾತು ಮುಗಿಯುವ ಹೊತ್ತಿಗೆ ಮುಖಗಳು ಬದಲಾಗುತ್ತಿದ್ದವು. ಲಾಂಡ್ರಿಯವಳು ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದಳು.

"ಇಡೀ ಬೇಸಿಗೆ ಬಣ್ಣ ಹೊಡೆಸ್ಕೊಂಡು ನಿಂತಿದ್ರಲ್ಲ ಟೀಚರ್. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿರಲಿಲ್ಲ ಕಣಮ್ಮ."

"ನಿಮ್ಮ ತಮ್ಮನೇ ಮಾಡಿಸ್ತಿರೋದು ಅಂತ ನೀವೇ ಹೇಳಿದ್ರಿ."

ನನ್ನ ತಮ್ಮ ನನಗೇ ಮೋಸ ಮಾಡಿದ ಎಂದು ಹೇಳಬಹುದಿತ್ತು. ಅಷ್ಟು ದಿನ ಅವನನ್ನು ಹೊಗಳಿ ನಡೆದ ಬಾಯಿಗೆ ಆ ಮಾತು ಬರಲಿಲ್ಲ. ಬಂದಿದ್ದರೂ ಯಾರು ನಂಬುತ್ತಿದ್ದರು? ಲಾಂಡ್ರಿಯವಳು ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತಿ ಎಳೆದಳು.

"ಒಳ್ಳೇ ಪೋಸ್ಟಿಂಗೇ ಸಿಕ್ಕಿದೆ ಅಂತಲ್ಲ ನಿಮಗೆ. ಸಂತೋಷ. ನನ್ನ ಮಗಳು ಆ ರೋಡು ದಾಟೋದು ಬೇಡ. ಅಂಗಡೀಲಿ ನನಗೂ ಒಂದು ಕೈ ಬೇಕು."

"ನಾನೇ ಕರ್ಕೊಂಡು ಹೋಗ್ತೀನಿ, ನಾನೇ ತಂದು ಬಿಡ್ತೀನಿ. ಲೆಕ್ಕದಲ್ಲಿ ಅವಳಷ್ಟು—"

"ಬೇಡ ಟೀಚರ್."

ಶಾಲೆ ತೆರೆಯಿತು. ವ್ಯಾನ್ ಬರಲಿಲ್ಲ. ಮುಂದಿನ ತಿಂಗಳು ಬರುತ್ತದೆ ಎಂದರು, ಆ ತಿಂಗಳು ಬಂದಾಗ ಟೆಂಡರ್ ಆಗಿಲ್ಲ ಎಂದರು. ಅವಳು ಮತ್ತು ಅದೇ ಶಾಲೆಗೆ ವರ್ಗವಾಗಿದ್ದ ಚಿಕ್ಕ ಟೀಚರ್ ದಿನಾ ಬೆಳಗ್ಗೆ ಡಿಪೋ ಮೂಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ಒಬ್ಬಳು ಮುಂದೆ ಒಬ್ಬಳು ಹಿಂದೆ ನಿಂತು ಲಾರಿಗಳಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಿಸುತ್ತಿದ್ದರು. ಮಳೆ ಶುರುವಾದ ಮೇಲೆ ಆ ಸಾಲು ಮೋಟಾಯಿತು. ದೊಡ್ಡ ಶಾಲೆಯಲ್ಲಿ ಇವಳ ಮಕ್ಕಳಿಗೆ ಡಿಪೋ ಮಕ್ಕಳು ಎಂದು ಹೆಸರು ಬಿತ್ತು. ಕೊನೇ ಬೆಂಚುಗಳು ಅವರಿಗೆ. ಇವಳಿಗೆ ಕೊಟ್ಟದ್ದು ಹಾಜರಾತಿ ಮತ್ತು ಪುಸ್ತಕ ಹಂಚುವ ಕೆಲಸ. ಅಲ್ಲಿ ಆಗಲೇ ಒಬ್ಬರು ಮುಖ್ಯೋಪಾಧ್ಯಾಯರಿದ್ದರು.

ಮಳೆಗಾಲದ ನಡುವೆ ತರಬೇತಿ ಕೇಂದ್ರದ ಉದ್ಘಾಟನೆಯಾಯಿತು. ಅದೇ ದಿನ ಮೊದಲ ತರಬೇತಿ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು ಹೇಗೆ ಎಂಬುದು ವಿಷಯ. ದೊಡ್ಡ ಟೀಚರ್ ಹಾಜರಾಗಲೇಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದರು, "ನಿಮ್ಮ ಮಕ್ಕಳೇ ಅಲ್ವಾ ಜಾಸ್ತಿ ಬಿಟ್ಟಿರೋದು?"

ಅವಳು ಹೋದಳು. ತನ್ನ ಎರಡನೇ ಕ್ಲಾಸಿನ ಕೋಣೆಯಲ್ಲಿ ಕೂತಳು. ಸೂರು ಸೋರುತ್ತಿರಲಿಲ್ಲ, ಕಿಟಕಿಗಳು ಒಂದೇ ಬೆರಳಿಗೆ ತೆರೆಯುತ್ತಿದ್ದವು, ಡಿಪೋದ ಸದ್ದು ಒಳಗೆ ಬರುತ್ತಲೇ ಇರಲಿಲ್ಲ. ಬೇಸಿನ್‌ಗಳನ್ನು ಮತ್ತೆ ಕಿತ್ತು ಮೇಲೇರಿಸಿದ್ದರು. ಸಾಹೇಬರು ಭಾಷಣದಲ್ಲಿ, ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಜಿಲ್ಲೆಯಲ್ಲೇ ನೋಡಿಲ್ಲ ಎಂದರು. ಎಂಜಿನಿಯರಿಗೆ ಬಡ್ತಿ ಎಂದರು. ಜನ ಚಪ್ಪಾಳೆ ತಟ್ಟಿದರು. ಅವಳ ಕೈಗಳೂ ತಟ್ಟಿದವು. ಸುಮ್ಮನೆ ಕೂತರೆ ನಾಲ್ಕು ಜನ ನೋಡುತ್ತಾರೆ.

ಸಾಲು ದಾಟಿ ಬಂದು ತಮ್ಮ ಅವಳ ಮುಂದೆ ನಿಂತ. ಅವಳು ಎದ್ದು ನಿಂತು, "ನಮಸ್ಕಾರ ಸರ್. ಅಭಿನಂದನೆ," ಎಂದಳು. ಸುತ್ತ ಜನರಿದ್ದಾರೆಂದು ಹಾಗೆ ಅಂದಳು ಎಂದುಕೊಂಡು ಅವನು ನಕ್ಕ.

ಆ ಭಾನುವಾರ ಅವನು ಹೆಂಡತಿಯನ್ನು ಕರೆದುಕೊಂಡು ಸಿಹಿ ತಂದ. ಅಮ್ಮ ಸಂಭ್ರಮದಿಂದ ಓಡಾಡಿದಳು. ಅಕ್ಕ ಬಾಗಿಲು ತೆರೆದು, "ಬನ್ನಿ, ಕೂತ್ಕೊಳ್ಳಿ," ಎಂದಳು. ಹೆಂಡತಿಯನ್ನೂ ಸೇರಿಸಿ ಹೇಳಿದ್ದೆಂದು ಅವನು ಭಾವಿಸಿದ. ಅವಳು ಕಾಫಿ ತಂದು ಅವನ ಮುಂದೆ ಹಿಡಿದು, "ತಗೊಳ್ಳಿ. ಸಕ್ಕರೆ ನೋಡ್ಕೊಳ್ಳಿ," ಎಂದಳು.

ಅವನು ಲೋಟ ಹಿಡಿದುಕೊಂಡು ಅವಳ ಮುಖ ನೋಡಿದ. "ಇದೇನಕ್ಕ?"

"ಯಾಕೆ, ಕಮ್ಮಿ ಆಯ್ತಾ ನಿಮಗೆ?"

"ಏನೇ ಇದು, ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ?" ಎಂದು ಅಮ್ಮ ಗದರಿದಳು.

"ದೊಡ್ಡ ಮನುಷ್ಯರಾಗಿದಾರಲ್ಲಮ್ಮ."

"ಅತ್ತಿಗೆ, ಬಿಟ್ಟುಬಿಡಿ. ಅವರಿಗೂ ಬೇಜಾರಾಗಿದೆ," ಎಂದಳು ತಮ್ಮನ ಹೆಂಡತಿ. ಇವಳು ಅವಳ ಕಡೆಗೆ ತಿರುಗಿ, ನಿನಗೆ ಕಾಫಿ ಬೇಡ ಅಲ್ವಾ, ಹಾಲು ತರ್ತೀನಿ ಇರು ಎಂದು ಪ್ರೀತಿಯಿಂದಲೇ ಒಳಗೆ ಹೋದಳು.

"ಅಕ್ಕ, ಬೈಯಾದ್ರೂ ಬೈ," ಎಂದು ಅವನು ಹಿಂದಿನಿಂದ ಕೂಗಿದ. ಧ್ವನಿ ಒಡೆದಿತ್ತು. ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕದಂತೆ ನೋಡುತ್ತಿದ್ದಳು. ಒಳಗೆಲ್ಲೋ ಒಂದು ಕಡೆ ಕರಗುತ್ತಿತ್ತು, ಇಲ್ಲವೆಂದಲ್ಲ. ಆದರೆ ನಾಲಿಗೆ ಏಕವಚನಕ್ಕೆ ಹೊರಳಲಿಲ್ಲ.

ಅವರು ಹೊರಟುಹೋದ ಮೇಲೆ ಅಮ್ಮ ಬಾಗಿಲ ಹತ್ತಿರವೇ ಕೂತು, "ಅವನು ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ, ನೋಡ್ತಿರು," ಎಂದು ಕಣ್ಣೊರೆಸಿಕೊಂಡಳು.

"ಬಂದ್ರೆ ಬಾಗಿಲು ತೆಗೀತೀನಮ್ಮ," ಎಂದಳು ಮಗಳು. "ಕಾಫೀನೂ ಕೊಡ್ತೀನಿ."

ಅವಳು ಲೋಟಗಳನ್ನು ತೊಳೆದು ಬೋರಲು ಹಾಕಿದಳು.